ಎಲ್ಲರ ಓಟಿಪಿ ನನ್ನ ಫೋನಿಗೆ

ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್. ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು ಕೆಲಸ. ಊರು ತಾಲ್ಲೂಕಾದ ಮೇಲೆ ಅರ್ಜಿಗಳಿಗೆ ಬರವಿಲ್ಲ. ಯಾವ ಅರ್ಜಿಯಾದರೂ ಮೊದಲು ಮೊಬೈಲ್ ನಂಬರ್ ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಬಂದವರು ಎರಡಕ್ಕೂ ಒಂದೇ ಮಾತು ಹೇಳುತ್ತಿದ್ದರು: "ನಿಂದೇ ಹಾಕವ್ವ, ನಮಗೆ ಇದೆಲ್ಲ ಎಲ್ಲಿ ತಿಳಿತೈತೆ."

ಹಾಕಿದೆ. ನಂಬರ್ ನನ್ನದು, ಪಾಸ್‌ವರ್ಡ್ ಎಲ್ಲರಿಗೂ ಒಂದೇ, ಅಂಗಡಿ ಹೆಸರಿನ ಮುಂದೆ ಒಂದು ಎರಡು ಮೂರು. ಬೇರೆ ಬೇರೆ ಇಟ್ಟು ನೆನಪಿಡುವ ತಾಳ್ಮೆ ಯಾರಿಗಿದೆ? ಯಾರಿಗೂ ಹೇಳಬೇಡಿ ಎಂದು ಪರದೆಯ ಮೇಲೆ ಬರೆದೇ ಇರುತ್ತದೆ. ನಮ್ಮ ಕಡೆ ಹೇಳದೆ ಮುಚ್ಚಿಟ್ಟುಕೊಂಡರೆ ಎದುರಿನವರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ.

ಹೀಗೆ ನೂರಾರು ಜನರ ಪಿಂಚಣಿ, ಪ್ರಮಾಣಪತ್ರ, ಸ್ಕಾಲರ್‌ಶಿಪ್ ಎಲ್ಲ ನನ್ನ ಒಂದು ಸಿಮ್ಮಿನಲ್ಲಿ ಬಂದು ಕೂತವು. ಜಗಳೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಅಲ್ಲಿಂದಲೇ ಫೋನ್ ಮಾಡಿ ಓಟಿಪಿ ಬಂತಾ ಅಕ್ಕ ಎಂದು ಕೇಳುತ್ತಿದ್ದರು. ಬಚ್ಚಲಿಗೆ ಹೋದರೂ ಫೋನ್ ಜೊತೆಗಿರಬೇಕು. ಎಷ್ಟೋ ಸಲ ಅದನ್ನು ತುಂಗಭದ್ರೆಗೆ ಎಸೆದುಬಿಡೋಣ ಅನ್ನಿಸಿದೆ.

ವಯಸ್ಸಿನ ಮಿತಿ ಮುಗಿಯುವ ವರ್ಷ ಸರ್ಕಾರಿ ಕೆಲಸದ ಪರೀಕ್ಷೆಗೆ ಕಟ್ಟಿದೆ. ಅದು ನನ್ನ ಕೊನೆಯ ಅವಕಾಶ. ಪಾಸಾದರೆ ಅಂಗಡಿಗೆ ಬೀಗ ಹಾಕಿ, ಎಲ್ಲರ ನಂಬರ್ ಬದಲಾಯಿಸಿಕೊಟ್ಟು ಆರಾಮಾಗಿರುವುದು ನನ್ನ ಆಸೆ. ಪರೀಕ್ಷೆ ಹೊನ್ನಾಳಿಯ ಒಂದು ಕಾಲೇಜಿನಲ್ಲಿ. ಹತ್ತಕ್ಕೆ ಗೇಟ್ ಹಾಕುತ್ತಾರೆ, ಫೋನ್ ಒಳಗೆ ಬಿಡುವುದಿಲ್ಲ.

ಪರೀಕ್ಷೆಯ ದಿನ ಆ ಗೇಟಿನ ಮುಂದೆ ನಿಂತಿದ್ದಾಗ, ಒಂಬತ್ತೂವರೆಗೆ ಚನ್ನಗಿರಿಯಿಂದ ಒಬ್ಬ ಹುಡುಗಿಯ ಫೋನ್ ಬಂತು. ಅವಳ ನರ್ಸಿಂಗ್ ಸೀಟಿನ ಅರ್ಜಿ ತುಂಬಿದ್ದವಳು ನಾನೇ. ಸೀಟು ಸಿಕ್ಕಿದೆ, ಆದರೆ ಅವತ್ತು ಹನ್ನೊಂದರೊಳಗೆ ಒಪ್ಪಿಗೆ ಕೊಡದಿದ್ದರೆ ಬೇರೆಯವರ ಪಾಲು. ಎರಡು ದಿನದಿಂದ ಸರ್ವರ್ ಸತ್ತುಬಿದ್ದಿತ್ತು. ಅಲ್ಲಿನ ಅಂಗಡಿಯೊಂದರಲ್ಲಿ ಕೂತು ಒತ್ತುತ್ತಲೇ ಇದ್ದಾಳೆ, ಓಟಿಪಿ ಯಾವಾಗ ಬೇಕಾದರೂ ಬರಬಹುದು. ಬಂದರೆ ನನ್ನ ಫೋನಿಗೇ ಬರಬೇಕು.

ನನ್ನ ಒದ್ದಾಟ ನೋಡಿ ಗೇಟಿನ ಎದುರಿನ ಚಹಾದಂಗಡಿಯವನು ಹೇಳಿದ, "ಫೋನ್ ನನ್ನ ಹತ್ರ ಕೊಟ್ಟು ಹೋಗ್ರಿ, ನಂಬರ್ ಬಂದ್ರೆ ನಾನು ಹೇಳ್ತೀನಿ."

ಒಳ್ಳೆಯವನೇ ಇದ್ದಿರಬೇಕು. ಲಾಕ್ ತೆಗೆದು ಫೋನ್ ಮುಂದೆ ಚಾಚಿಯೂ ಬಿಟ್ಟೆ. ಆಗ ಹೊಳೆಯಿತು. ಇದು ಕೈಗೆ ಸಿಕ್ಕವರಿಗೆ ನನ್ನ ಪಾಸ್‌ವರ್ಡ್ ಗೊತ್ತಿರಬೇಕೆಂದೂ ಇಲ್ಲ. ಓಟಿಪಿ ತರಿಸಿಕೊಂಡು ಹೊಸದನ್ನೇ ಇಟ್ಟುಬಿಡಬಹುದು. ಅಷ್ಟೂ ಮುದುಕಿಯರ ಪಿಂಚಣಿ ನನ್ನ ಬೆರಳ ತುದಿಯಲ್ಲಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅವನ ಮುಖ ಸಣ್ಣದಾಯಿತು. ಅವನ ಮೇಲಲ್ಲ, ಸೋಮಾರಿಯಾಗಿ ಎಲ್ಲದಕ್ಕೂ ನನ್ನದೇ ನಂಬರ್ ಹಾಕಿದ ನನ್ನ ಮೇಲೆ ಮೈಯೆಲ್ಲ ಉರಿಯಿತು.

ಕಾವಲಿನವನು ಬರುವವರು ಬನ್ನಿ ಎಂದು ಎರಡು ಸಲ ಕೂಗಿದ. ಹಾಲ್ ಟಿಕೆಟ್ ಒಂದು ಕೈಯಲ್ಲಿ, ಫೋನ್ ಇನ್ನೊಂದು ಕೈಯಲ್ಲಿ. ಗೇಟ್ ಮುಚ್ಚಿತು.

ಹತ್ತೂ ಇಪ್ಪತ್ತಕ್ಕೆ ಓಟಿಪಿ ಬಂತು. ಆರು ಅಂಕಿ ಓದಿ ಹೇಳಿದೆ. ಸ್ವಲ್ಪ ಹೊತ್ತಿಗೆ ಹುಡುಗಿ ಅಳುತ್ತಾ ನಗುತ್ತಾ ಮತ್ತೆ ಫೋನ್ ಮಾಡಿದಳು. ಪರೀಕ್ಷೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ.

"ಅಕ್ಕ, ಓದು ಮುಗಿಯೋ ತನಕ ನಿಮ್ಮ ನಂಬರೇ ಇರ್ಲಿ ರೀ," ಅಂದಳು. "ಬೇರೆ ಯಾರ ಮ್ಯಾಲೂ ನನಗೆ ನಂಬಿಕೆ ಇಲ್ಲ."

ಆಗಲಿ ಅಂದೆ.