ಶೀಗಿ ಹುಣ್ಣಿಮೆಗೆ ಹೊಲಕ್ಕೆ ಒಯ್ದ ಸರ್ಟಿಫಿಕೇಟು

"ಕೂಸು ಕಟ್ಟಿಕೊಂಡು ಡಿಗ್ರಿ ಮುಗಸ್ತಾಳಂತ! ಆಗೂ ಮಾತಲ್ಲ ಅದು" ಎಂದವರು ನನ್ನ ಅತ್ತೆ. ಅದಕ್ಕೇ ಶೀಗಿ ಹುಣ್ಣಿಮೆಯ ದಿನ ಮನೆಮಂದಿಯೆಲ್ಲ ಹಾನಗಲ್ ಹತ್ತಿರದ ನಮ್ಮ ಹೊಲಕ್ಕೆ ಉಣ್ಣಲು ಹೊರಟಾಗ, ಬುತ್ತಿಗಿಂತ ಮೊದಲು ನಾನು ಎತ್ತಿಟ್ಟುಕೊಂಡದ್ದು ಸರ್ಟಿಫಿಕೇಟನ್ನು. ನನ್ನ ತವರಿನಲ್ಲೂ ಈ ಮನೆಯಲ್ಲೂ ಅದೇ ಮೊದಲ ಡಿಗ್ರಿ.

ಪೂಜೆ ಮುಗಿಸಿ ಗಂಡ, ಭೂಮಿತಾಯಿಗೆಂದು ಅನ್ನ, ಕಡಬಿನ ಚರಗ ಚೆಲ್ಲುತ್ತ ಬೆಳೆಯ ನಡುವೆ ಹೋದರು. ನಾನು ಬನ್ನಿ ಗಿಡದ ಕೆಳಗೆ ನಾದಿನಿಯ ಮುಂದೆ ಸರ್ಟಿಫಿಕೇಟು ಬಿಚ್ಚಿದೆ.

"ಫಸ್ಟ್ ಕ್ಲಾಸ್ ಏನ್ ವೈನಿ?"

"ಮತ್ತೇನ್ ತಿಳದೀ? ಆಗೂದಿಲ್ಲ ಅಂದೋರ ಕಣ್ಣಿಗೂ ಬೀಳ್ಲಿ" ಎಂದೆ, ಅತ್ತೆಗೆ ಕೇಳುವಂತೆ.

ಗಂಡ ಮರಳಿ ಬಂದವರೇ, "ಕೂಸೆಲ್ಲಿ?" ಎಂದರು. ಎರಡು ವರ್ಷದ ಮಗಳು ನನ್ನ ಪಕ್ಕದಲ್ಲೇ ಇದ್ದಾಳೆ ಅಂದುಕೊಂಡಿದ್ದೆ. ಇರಲಿಲ್ಲ. ಆಳೆತ್ತರದ ಗೋವಿನಜೋಳದೊಳಗೆ ಎಲ್ಲರೂ ಕೂಗುತ್ತ ನುಗ್ಗಿದರು. ನಾನೂ ಓಡಿದೆ, ಹಾಳೆ ಮುದುಡಬಾರದೆಂದು ಅದನ್ನು ಎದೆಗವಚಿಕೊಂಡೇ ಓಡಿದೆ. ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ಅತ್ತೆ ಮಾತ್ರ ಕೂಗಲಿಲ್ಲ. ಚರಗ ಬಿದ್ದ ಸಾಲನ್ನೇ ಹಿಡಿದು ಹೋದರು. ಅಪ್ಪ ಚೆಲ್ಲಿದ ಕಡಬಿನ ಚೂರು ಆರಿಸಿ ತಿನ್ನುತ್ತ ಮಗಳು ಸಾಲಿನ ಕೊನೆಗೆ ಕುಂತಿದ್ದಳಂತೆ. ಬಾಯಿಗೆಲ್ಲ ಮಣ್ಣು ಮೆತ್ತಿಕೊಂಡ ಕೂಸನ್ನು ಎತ್ತಿಕೊಂಡು ಬಂದು ನನ್ನೆದುರು ನಿಂತರು. ಬೈಯುತ್ತಾರೆಂದು ಕಾದೆ. ಅವರು ಅವಳನ್ನು ನನ್ನತ್ತ ಚಾಚಿದರು. ಕೂಸನ್ನು ಇಸಕೊಳ್ಳಲು ಎರಡೂ ಕೈ ಬೇಕಿತ್ತು. ಸರ್ಟಿಫಿಕೇಟನ್ನು ಅವರ ಮುಂದೆ ಹಿಡಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

"ಇದನ್ನ ನಾ ಹಿಡಕೊಂಡಿರ್ತೇನಿ. ನೀ ನಿನ್ನ ಮಗಳನ್ನ ಹಿಡಕೋ" ಎಂದರು.