ಆಯುಧಪೂಜೆಗೆ ಇಟ್ಟಿದ್ದ ರೋಟರ್

“ಸುಮ್ನೆ ಕೂತು ನೋಡ್ತೀಯಲ್ಲ, ನಿಂಗಾದ್ರೂ ಗೊತ್ತೇನಯ್ಯ?” ಎಂದು ನಾನು ರೇಗಿದ್ದೇ ತಡ, ಚೌಡಣ್ಣ ಸೊಂಟದಿಂದ ಕೆಂಪು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಎಂಟು ದಿನದಿಂದ ನಾವು ಹುಡುಕುತ್ತಿದ್ದ ರೋಟರ್ ಅದರೊಳಗಿತ್ತು. ಮೇಲೆ ಕುಂಕುಮ ಬೇರೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ನಾನು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಶೆಡ್ ಸೇರಿದ್ದ ಪಿಕಪ್ ಗಾಡಿಯನ್ನು ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುವುದರೊಳಗೆ ಓಡಿಸಬೇಕೆಂದು ಮ್ಯಾನೇಜರರ ಹಟ. ಉಳಿದದ್ದನ್ನೆಲ್ಲ ಸರಿಮಾಡಿದ ಮೆಕ್ಯಾನಿಕ್, ಹೆಬ್ಬೆಟ್ಟಿನಷ್ಟಿರುವ ರೋಟರ್ ಇಲ್ಲದೆ ಎಂಜಿನ್ನಿಗೆ ಕಿಡಿ ಬರುವುದಿಲ್ಲ ಎಂದು ಕೈಚೆಲ್ಲಿದ್ದ. ನಾನು ಎರಡು ಸಲ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಎರಡು ಸಲವೂ ಹೊಂದದ್ದನ್ನೇ ತಂದು ಬೈಸಿಕೊಂಡಿದ್ದೆ. ಆ ಗಾಡಿಯ ಹಳೆಯ ಡ್ರೈವರ್ ಚೌಡಣ್ಣ ಮಾತ್ರ ಅಷ್ಟೂ ದಿನ ಶೆಡ್ಡಿನ ಬಾಗಿಲಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದ.

“ಮೊದಲೇ ಹೇಳೋಕೆ ಏನಾಗಿತ್ತು?”

“ಗಾಡಿ ಶೆಡ್ಡಿಗೆ ಹಾಕಿದ್ ದಿನ, ಯಾರೂ ಹೊಡ್ಕೊಂಡು ಹೋಗ್ಬಾರ್ದು, ಇದನ್ನ ಬಿಚ್ಚಿ ನೀನೇ ಇಟ್ಕೊ ಅಂದಿದ್ರು ತೋಟದ ಹಳೇ ದೊರೆ. ವರ್ಷಾವರ್ಷ ಆಯುಧಪೂಜೆಗೆ ಇಡ್ತಿದ್ದೆ. ನೀವು ಮೈಸೂರಿನೋರನ್ನ ಕೇಳಿದ್ರಿ, ನನ್ನ ಇವತ್ತು ಕೇಳಿದ್ರಿ.”

ಮೆಕ್ಯಾನಿಕ್ ಕೈಚಾಚಿದರೂ ಕೊಡದೆ, ಚೌಡಣ್ಣ ತಾನೇ ಬಾನೆಟ್ ಎತ್ತಿ ರೋಟರ್ ಕೂರಿಸಿದ. ಮೂರನೇ ಸಲ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಕೆಮ್ಮುತ್ತ ಹತ್ತಿಕೊಂಡಿತು. ಚೌಡಣ್ಣ ಸ್ಟಿಯರಿಂಗ್ ಮುಂದೆ ಕೂತು, “ಹತ್ತಿ ರೈಟ್ರೇ, ಎಲ್ಲಿಗೆ ಹೋಗ್ಬೇಕು?” ಎಂದ.

ಆ ಎಂಟು ದಿನದ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಆದರೆ ಆ ಪಿಕಪ್ಪಿಗೆ ಚೌಡಣ್ಣನ ಬದಲು ಹೊಸ ಡ್ರೈವರನ್ನು ನೇಮಿಸಿದ ಕಾಗದ ಆಗ ನನ್ನ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯದೆ, ಅವನ ಪಕ್ಕ ಹತ್ತಿ ಕೂತೆ.