ಅದಲುಬದಲಾದ ವಾಗ್ದಾನ

ಫೋನಿನ ಹಿಂಬದಿಯ ಪಾರದರ್ಶಕ ಕವರಿನೊಳಗೆ ಜನ ಏನೇನು ಇಟ್ಟುಕೊಳ್ಳುತ್ತಾರೆ ಎಂದು ನೋಡುವುದು ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ನನಗಿರುವ ಏಕೈಕ ಮನರಂಜನೆ. ಮಡಿಸಿದ ನೂರರ ನೋಟು, ಮಗುವಿನ ಪುಟ್ಟ ಫೋಟೊ, ಒಣಗಿದ ಬಿಲ್ವಪತ್ರೆ, ಯಾವುದೋ ಕ್ಲಿನಿಕ್ಕಿನ ಚೀಟಿ. ನನ್ನದರಲ್ಲಿ ಪ್ರತಿವರ್ಷ ಒಂದು ಸಣ್ಣ ಕಾರ್ಡಿರುತ್ತದೆ. ಪಕ್ಕದಲ್ಲಿದ್ದವರೊಬ್ಬರು ಅದನ್ನು ವಿಮಾ ಏಜೆಂಟರ ವಿಸಿಟಿಂಗ್ ಕಾರ್ಡೆಂದು ಭಾವಿಸಿ, ಮಾತಿಗೆ ಸಿಕ್ಕಿಬಿದ್ದೇನೆಂದು ಹೆದರಿ ಸರಿದು ಕುಳಿತದ್ದೂ ಉಂಟು.

ಅದು ವಾಗ್ದಾನದ ಕಾರ್ಡು. ನಮ್ಮ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿಯುತ್ತಲೇ ಸ್ಟೀಲಿನ ತಟ್ಟೆಯೊಂದು ಸಾಲುಗಳ ನಡುವೆ ಸುತ್ತುತ್ತದೆ. ಅದರಲ್ಲಿ ಮಗುಚಿ ಇಟ್ಟ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಅದರ ಮೇಲೆ ಅಚ್ಚಾದ ಬೈಬಲ್ಲಿನ ವೇದವಾಕ್ಯವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ದಿನಾಂಕ ಬರೆದಿಡದೆ ಈರುಳ್ಳಿಯನ್ನೂ ಕೊಳ್ಳದ ನಾನು, ದಿನಚರಿಯ ಕೊನೆಯ ಪುಟದಲ್ಲಿ ಆಯಾ ವರ್ಷದ ವಾಗ್ದಾನವನ್ನು ನಮೂದಿಸಿ, ಎದುರಿಗೆ ‘ನೆರವೇರಿತು’ ಅಥವಾ ‘ಬಾಕಿ’ ಎಂದು ಗುರುತು ಹಾಕುತ್ತ ಬಂದವಳು. ವಿದ್ಯಾನಗರದ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವಳಿಗೆ ದೇವರ ಲೆಕ್ಕವನ್ನೂ ತಾಳೆ ನೋಡುವ ಚಪಲ.

ಈ ಚಪಲಕ್ಕೆ ನಮ್ಮ ಪಾಸ್ಟರು ದೊಡ್ಡ ಹೆಸರನ್ನೇ ಇಟ್ಟರು. ಭದ್ರಾವತಿಯ ಮನೆಪ್ರಾರ್ಥನೆಯೊಂದರಲ್ಲಿ ನಾನು ವಾಕ್ಯ ವಿವರಿಸಿದ್ದನ್ನು ಕೇಳಿ, ಈಕೆಗೆ ತಿಳುವಳಿಕೆಯ ವರವಿದೆ ಎಂದರು. ಅಂದಿನಿಂದ ಕನಸುಗಳ ಅರ್ಥ, ಹುಟ್ಟಿದ ಮಗುವಿಗಿಡುವ ಹೆಸರಿನ ಅರ್ಥ, ಕೆಲವೊಮ್ಮೆ ಪಾಸ್ಟರ ಭಾನುವಾರದ ಪ್ರಸಂಗದ್ದೇ ಅರ್ಥ, ಎಲ್ಲವೂ ನನ್ನ ಪಾಲಿಗೆ ಬಂದವು. ವರವೆಂದರೆ ಒಡವೆಯಲ್ಲ ಹೊಣೆ, ಕೊಟ್ಟಿರುವುದು ಇನ್ನೊಬ್ಬರಿಗಾಗಿ ಎಂದೂ ಅವರು ಆಗಲೇ ಸೇರಿಸಿದ್ದರು. ಹೊಗಳಿಕೆಯ ಬೆನ್ನಿಗೆ ಬರುವ ಮಾತು ಕಿವಿಗೆ ಬೀಳುವುದು ಸ್ವಲ್ಪ ತಡವಾಗಿ. ನಿಮಗೂ ಇದು ಹೊಸದಾಗಿರಲಾರದು. ನನಗದು ಕೇಳಿಸಿದ್ದು ಸುಗುಣ ಅತ್ತೆಯ ಮನೆಯಲ್ಲಿ.

ಅತ್ತೆ ನನ್ನ ತಂದೆಯ ಅಕ್ಕ. ಅವರ ಯಜಮಾನರಾದ ದೇವದಾನ ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಂತ್ರಗಳ ಸದ್ದಿಗೆ ಕಿವಿ ಮಂದವಾಗಿದ್ದರಿಂದ ಪ್ರಾರ್ಥನೆಯನ್ನೂ ದೇವರು ಶಿಫ್ಟಿನಲ್ಲಿ ಎದುರು ನಿಂತಿದ್ದಾನೆ ಎಂಬಷ್ಟು ಗಟ್ಟಿಯಾಗಿ ಮಾಡುತ್ತಿದ್ದರು. ಕಳೆದ ವರ್ಷ ತಟ್ಟೆ ಸುತ್ತಿದಾಗ ಅತ್ತೆಗೆ ದೀರ್ಘಾಯುಷ್ಯದ ವಾಗ್ದಾನ ಬಂತು, ಮಾವನಿಗೆ ಸಮಾಧಾನದ್ದು. ಗಂಡಸರೂ ಹೆಂಗಸರೂ ಬೇರೆಬೇರೆ ಕೂರುವುದರಿಂದ ಇಬ್ಬರೂ ಕಾರ್ಡು ಹೋಲಿಸಿ ನೋಡಿದ್ದು ಹೊರಗೆ, ಸ್ಕೂಟರು ನಿಲ್ಲಿಸಿದ್ದ ಮರದಡಿಯಲ್ಲಿ.

“ಆಯುಸ್ಸೆಲ್ಲ ನಿಂಗೆ, ನಂಗೆ ಬರೀ ಸಮಾಧಾನವಾ? ಮೇಲಿರೋನೂ ಹೆಂಗಸರ ಪಾರ್ಟಿನೇ ಬಿಡು,” ಎಂದರು ಮಾವ.

ಆಗಲೇ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತೆ ನಗುತ್ತಲೇ ತಮ್ಮ ಕಾರ್ಡನ್ನು ಅವರ ಅಂಗಿಯ ಜೇಬಿಗೆ ಹಾಕಿ, ಅವರದನ್ನು ತಾವು ತೆಗೆದುಕೊಂಡರು. ನಮ್ಮಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಬಂದದ್ದು ದೇವರ ಕೈಯಿಂದ ಬಂದದ್ದು. ಊಟದೆಲೆಯ ಹೋಳಿಗೆಯಂತೆ ಪಕ್ಕದವರಿಗೆ ದಾಟಿಸುವಂಥದ್ದಲ್ಲ. ಆದರೆ ಹಬ್ಬದ ಬೆಳಗು, ಎಲ್ಲರೂ ನಕ್ಕೆವು.

ಮಳೆಗಾಲ ಹಿಡಿಯುವ ಹೊತ್ತಿಗೆ ಮಾವ ತೀರಿಕೊಂಡರು. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟಿನಲ್ಲಿ, ಅಂಗಿಯ ಜೇಬಿನೊಳಗೆ, ಆ ದೀರ್ಘಾಯುಷ್ಯ ಬೆವರಿಗೆ ಮೆತ್ತಗಾಗಿ ಕುಳಿತಿತ್ತು.

ಆಮೇಲೆ ಅತ್ತೆ ಸಭೆಗೆ ಬರುವುದನ್ನು ನಿಲ್ಲಿಸಿದರು. ದುಃಖ ಎಂದುಕೊಂಡು ನಾವು ಸುಮ್ಮನಿದ್ದೆವು. ಒಂದು ಭಾನುವಾರ ನಾನು ಹೋದಾಗ ಕಾಫಿ ಕೊಟ್ಟು, ಎರಡೂ ಕಾರ್ಡುಗಳನ್ನು ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

“ನನ್ನ ಹೆಸರಿಗೆ ಬಂದಿದ್ದನ್ನ ತಮಾಷೆ ಮಾಡ್ಕೊಂಡು ಬದಲಾಯಿಸ್ಬಿಟ್ಟೆ ಕಣೇ. ಆ ಸಿಟ್ಟಿಗೇ ದೇವರು ಅವರನ್ನ ಕರ್ಕೊಂಡ್ನಾ? ಈಗ ಆಯುಸ್ಸು ವಾಪಸ್ ನಂಗೇ ಬಂತಲ್ಲ, ಇಟ್ಕೊಂಡು ಏನು ಮಾಡ್ಲಿ ಮಾರಾಯ್ತಿ? ನಿಂಗೆ ವರ ಇದೆ ಅಂತಾರೆ. ಅರ್ಥ ಹೇಳು.”

ಅರ್ಥಗಳು ನನ್ನಲ್ಲಿ ಬೇಕಾದಷ್ಟಿದ್ದವು. ಆ ವಾಕ್ಯ ಬೈಬಲ್ಲಿನಲ್ಲಿ ಎಂದೋ ಯಾರಿಗೋ ಹೇಳಿದ್ದು. ಕಾರ್ಡು ಯಾವುದೋ ಮುದ್ರಣಾಲಯದಲ್ಲಿ ಹಾಳೆಗಟ್ಟಲೆ ಅಚ್ಚಾಗಿ ತುಂಡಾದದ್ದು. ದೇವರು ಚೀಟಿ ಎತ್ತಿಸಿ ಮನುಷ್ಯರ ಆಯುಸ್ಸನ್ನು ನಿಗದಿ ಮಾಡುವವನಲ್ಲ. ಎಲ್ಲವೂ ಸರಿಯೇ. ಆದರೆ ಇಷ್ಟು ವರ್ಷ ಅಂಥದೇ ಕಾರ್ಡುಗಳೆದುರು ‘ನೆರವೇರಿತು’ ಎಂದು ಬರೆದುಕೊಂಡ ನಾನು ಈಗ ಅತ್ತೆಯೆದುರು, ಅದು ಬರೀ ಕಾಗದ ಎಂದು ಯಾವ ಬಾಯಿಂದ ಹೇಳಲಿ? ದೇವರ ಚಿತ್ತ ಎನ್ನೋಣವೆಂದರೆ ಅದನ್ನು ಮಣ್ಣಿಗೆ ಬಂದವರೆಲ್ಲ ಹೇಳಿ ಹೋಗಿದ್ದರು. ಕಾಫಿ ಆರಿತು. ಕೊನೆಗೆ, ಕಾರ್ಡು ಕೊಡುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. “ಅವರು ಬದುಕಿರ್ಲಿ ಅಂತ, ಇನ್ನೇನು?” ಎಂದರು ಅತ್ತೆ.

“ಹಾಗಾದ್ರೆ ದೇವರು ಓದಿರೋದು ಅದನ್ನ ಅತ್ತೆ, ಕಾರ್ಡನ್ನಲ್ಲ. ಅದನ್ನ ಓದಿ ಯಾರಿಗಾದ್ರೂ ಸಿಟ್ಟು ಬರುತ್ತಾ?”

ಅತ್ತೆ ಮಾವನ ಜೇಬಿನಲ್ಲಿ ಸಿಕ್ಕ ಕಾರ್ಡಿನ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿದರು.

“ಓದಿಯೂ ಉಳಿಸ್ಲಿಲ್ವಲ್ಲೇ.”

ಗೊತ್ತಿಲ್ಲ ಅತ್ತೆ ಎಂದೆ. ವರವಿದೆ ಎನ್ನಿಸಿಕೊಂಡ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಮಣ್ಣಿನ ದಿನವೂ ಕಣ್ಣೊರೆಸಿಕೊಳ್ಳದ ಅತ್ತೆ ಆಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ತಿಳಿದದ್ದನ್ನೆಲ್ಲ ಹೇಳಿಬಿಡುವುದು ಸುಲಭ. ಅದರಲ್ಲಿ ಎದುರಿಗಿರುವ ಜೀವಕ್ಕೆ ಸಲ್ಲುವುದೆಷ್ಟು ಎಂದು ಆರಿಸುವುದು, ತಿಳಿಯದ್ದನ್ನು ತಿಳಿದವರಂತೆ ಆಡದಿರುವುದು ಕಷ್ಟ. ಪಾಸ್ಟರು ಹೊಣೆ ಎಂದದ್ದು ಇದನ್ನೇ ಇರಬೇಕು.

ಈ ಹೊಸ ವರ್ಷ ಅತ್ತೆ ಬಂದರು, ಕೊನೆಯ ಸಾಲಿನಲ್ಲಿ ಕುಳಿತರು. ತಟ್ಟೆ ಎದುರಿಗೆ ಬಂದಾಗ ಅವರ ಕೈ ಮಡಿಲಿನಿಂದ ಏಳಲಿಲ್ಲ. ತಟ್ಟೆ ಹಿಡಿದವರು ಮುಂದೆ ಹೋಗಲೂ ಆಗದೆ ನಿಂತಿದ್ದರು. ಕಡೆಗೆ ಅತ್ತೆ ಒಂದನ್ನು ಎತ್ತಿಕೊಂಡರು. ಹೊರಗೆ, ಸ್ಕೂಟರಿಲ್ಲದ ಆ ಮರದಡಿಯಲ್ಲಿ, ಅದನ್ನು ಮಗುಚಿದಂತೆಯೇ ನನ್ನ ಅಂಗೈಯಲ್ಲಿಟ್ಟರು.

“ನಾನು ಓದಿಲ್ಲ. ಏನಿದ್ರೂ ನಿಂಗಿರ್ಲಿ. ನಿಂದು ಇಲ್ಲಿ ಕೊಡು.”

ನಾನೂ ಓದದೆಯೇ ಕೊಟ್ಟೆ. ಇಬ್ಬರೂ ನಗಲಿಲ್ಲ.

ಫೋನಿನ ಹಿಂದೆ ಈಗ ಇರುವುದು ಆ ಕಾರ್ಡು, ಮುಖ ಒಳಗಾಗಿ. ಪಕ್ಕದವರಿಗೆ ಕಾಣುವುದು ಅದರ ಬಿಳಿ ಬೆನ್ನು ಮಾತ್ರ. ಯಾರೂ ಸರಿದು ಕೂರುವುದಿಲ್ಲ. ದಿನಚರಿಯ ಕೊನೆಯ ಪುಟದಲ್ಲಿ ಈ ವರ್ಷದ ಎದುರು, ಅತ್ತೆ ಕೊಟ್ಟದ್ದು ಎಂದಷ್ಟೇ ಬರೆದಿದ್ದೇನೆ. ಅದರಲ್ಲಿ ಏನಿದೆ ಎಂದು ನಾನಿನ್ನೂ ನೋಡಿಲ್ಲ. ನನ್ನದರಲ್ಲಿ ಏನಿತ್ತೆಂದು ಅತ್ತೆಯೂ ಹೇಳಿಲ್ಲ.